ಹಳ್ಳ ದಾಟದ ಹಸು

ನಮ್ಮೂರ ಹಳ್ಳವೇ ಒಂದು ಕಾಲಕ್ಕೆ ಗಡಿ: ಈಚೆ ರಷ್ಯಾದ ದೊರೆ, ಆಚೆ ಜರ್ಮನಿಯ ದೊರೆ, ಸೇತುವೆಯ ಮೇಲೆ ಕಾಗದ ನೋಡಿ ಮೊಹರು ಒತ್ತುವ ಕಾವಲುಗಾರ. ದೊರೆಗಳಿಬ್ಬರೂ ಹೋಗಿ ನೂರು ವರ್ಷವಾಯಿತು. ಗಡಿ ಹತ್ತು ಮೈಲಿ ಆಚೆ ಸರಿದು ಎರಡೂ ದಡ ಪೋಲೆಂಡಿನದಾಯಿತು. ಆದರೂ ನಮ್ಮ ಹಸುಗಳು ಇವತ್ತಿಗೂ ಸೇತುವೆಯ ಮುಂದೆ ಒಂದು ಗಳಿಗೆ ನಿಂತೇ ದಾಟುತ್ತವೆ. ಊರಿನ ಚರಿತ್ರೆ ಬರೆಯುತ್ತಿದ್ದ ನಾನು, ಇದೆಲ್ಲ ಬರೀ ರೂಢಿ ಎಂದು ಷರಾ ಬರೆದು ಮುಗಿಸಿದ್ದೆ.

ಕಳೆದ ಜೂನ್‌ನಲ್ಲಿ ದೂರದೂರಿನಿಂದ ಕ್ರಾಸುಲಾ ಎಂಬ ಹಸು ಕೊಂಡು ತಂದೆ. ರೂಢಿಯೇ ಇಲ್ಲದ ಅದೂ ಸೇತುವೆ ಮುಂದೆ ನಿಂತಿತು. ಮಟಮಟ ಮಧ್ಯಾಹ್ನ, ಹಗ್ಗ ಹಿಡಿದ ಕೈ ಮಾತ್ರ ಚಳಿಗೆ ಮರಗಟ್ಟಿತು. ಎಲ್ಲಿಂದಲೋ ಪೈಪಿನ ತಂಬಾಕು ಹೊಗೆಯ ವಾಸನೆ. ಸುತ್ತ ನರಪಿಳ್ಳೆಯಿಲ್ಲ, ಆಚೆ ದಡದಲ್ಲಿ ಬಾತುಗಳಿಗೆ ಕಾಳು ಹಾಕುತ್ತಿದ್ದ ನೆರೆಮನೆಯ ಗೆನೊವೇಫಾ ಅಜ್ಜಿ ಬಿಟ್ಟರೆ.

“ಕಾಗದ ತೋರ್ಸಿ ಮೇಷ್ಟ್ರೇ! ಪಾಪ, ಅವನಾದ್ರೂ ಎಷ್ಟೊತ್ತು ಅಂತ ಕಾಯ್ತಾನೆ?” ಎಂದು ಅಜ್ಜಿ ಕೂಗಿದಳು.

ತಮಾಷೆಗೆ ನನ್ನ ಗುರುತಿನ ಚೀಟಿಯನ್ನು ಗಾಳಿಗೆ ಹಿಡಿದೆ. ಧಪ್ಪೆಂದು ಮೊಹರು ಬಿದ್ದ ಸದ್ದಾಯಿತು. ಹಸು ಸರಸರನೆ ದಾಟಿತು. ನನ್ನ ಕಾಲು ಹಿಂದಕ್ಕೆ ಬರುತ್ತಿತ್ತೇ ಹೊರತು ಮುಂದಕ್ಕೆ ಹೋಗಲೊಲ್ಲದು.

“ಹಸೂನ ಬಿಟ್ಟ,” ಎಂದಳು ಅಜ್ಜಿ. “ನಿಮ್ದೇ ಏನೋ ಸರಿಯಿಲ್ಲ, ನೋಡ್ಕೊಳ್ಳಿ.”

ಚೀಟಿ ತಿರುಗಿಸಿ ನೋಡಿದೆ. ಅದರ ಅವಧಿ ಹಿಂದಿನ ದಿನ ಮುಗಿದಿತ್ತು.