ಪಿಸುಮಾತಿನ ಬಟನ್

ಬೋಳನ ಬೂಟು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ನಾನು ರಿಸೆಪ್ಷನ್ ಮೇಜಿನ ಕೆಳಗಿದ್ದೆ. ಹದಿನೈದು ವರ್ಷದಿಂದ ಪತ್ತೇದಾರಿ ಮಾಡುತ್ತಿದ್ದೇನೆ. ಚಾಕು ನೋಡಿದ್ದೇನೆ, ಪಿಸ್ತೂಲು ನೋಡಿದ್ದೇನೆ. ಆವತ್ತಿನಷ್ಟು ಯಾವತ್ತೂ ಹೆದರಿರಲಿಲ್ಲ, ಕೇಳಿ!

ಏಕೆಂದರೆ ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಸಿಕ್ಕಿಬಿದ್ದವಳು ನನ್ನ ಅಕ್ಕ.

ಅವಳು ಆ ಆಫೀಸಿನ ಟೆಲಿಫೋನ್ ಆಪರೇಟರ್. ಅಲ್ಲಿ ಫೋನೆಲ್ಲ ಇಂಟರ್‌ನೆಟ್ ಮೇಲೆ, ಕರೆಯೆಲ್ಲ ತಾನಾಗಿಯೇ ರೆಕಾರ್ಡ್. ಗೋಡೌನಿಗೆ ಬೆಂಕಿ ಇಡಲು ಮ್ಯಾನೇಜರ್ ಹೇಳಿದ್ದೂ ರೆಕಾರ್ಡ್ ಆಗಿತ್ತು. ಒಳಗಿದ್ದ ಹಮಾಲಿ ಸುಟ್ಟು ಸತ್ತಿದ್ದ. ಅಕ್ಕ ಅದನ್ನು ಕೇಳಿ ನನಗೆ ಫೋನ್ ಮಾಡಿದಳು. ಕೇಳಿದ್ದು ಮ್ಯಾನೇಜರಿಗೆ ಗೊತ್ತಾಯಿತು.

ಪೊಲೀಸರಿಗೆ ಹೇಳಿದ್ದೆ. "ಇಪ್ಪತ್ತು ನಿಮಿಷ" ಎಂದಿದ್ದರು.

ಬೋಳ, ಮ್ಯಾನೇಜರನ ಬಂಟ, ಮುಂದೆ ಹೋದ. ಕೈ ಚಾಚಿ ಅಕ್ಕನ ಫೋನನ್ನೇ ಕೆಳಗೆ ಎಳೆದುಕೊಂಡೆ. ಅದರ ಮೇಲೆ ಕ್ಯಾಬಿನ್ ಲೈನಿನ ದೀಪ ಕೆಂಪಗಿತ್ತು... ಯಾರೋ ಮಾತಾಡುತ್ತಿದ್ದಾರೆ! ಆಲಿಸುವ ಬಟನ್ ಒತ್ತಿದೆ.

"ವಾಚ್‌ಮನ್ ಅಣ್ಣಾ... ಹಿಂದಿನ ಗೇಟ್ ತೆಗೀರಿ. ಸಾಹೇಬ್ರ ಕಾರು ಬರುತ್ತೆ."

ಅಕ್ಕನ ದನಿ! ಅವಳನ್ನು ಸಾಗಿಸುವ ಕಾರಿಗೆ ಅವಳ ಕೈಯಲ್ಲೇ ಗೇಟು ತೆಗೆಸುತ್ತಿದ್ದಾರೆ!

ಆ ಫೋನಿನಲ್ಲಿ ಇನ್ನೊಂದು ಬಟನ್ ಇದೆ, ಪಿಸುಮಾತಿನದು. ಹೊಸಬರಿಗೆ ಕೆಲಸ ಕಲಿಸಲು ಇಟ್ಟದ್ದು. ಒತ್ತಿ ಮಾತಾಡಿದರೆ ನಾವು ಆಲಿಸುತ್ತಿರುವ ಫೋನಿನವರಿಗಷ್ಟೇ ಕೇಳುತ್ತದೆ, ಆ ತುದಿಯವರಿಗೆ ಇಲ್ಲ.

ಒತ್ತಿದೆ.

"ಅಕ್ಕಾ, ನಾನು. ಸುಮ್ನೆ ಕೇಳು. ಹೇಗಾದ್ರೂ ಸ್ವಲ್ಪ ಹೊತ್ತು ತಳ್ಳು..."

"ಯಾವನೋ ಅದು?"

ಮ್ಯಾನೇಜರ್! ಅಯ್ಯೋ ನನ್ನ ಹಣೆಬರಹವೇ! ಅವನು ಸ್ಪೀಕರ್ ಹಾಕಿಸಿದ್ದ. ನನ್ನ ಪಿಸುಮಾತು ಇಡೀ ಕ್ಯಾಬಿನ್ನಿಗೆ ಕೇಳಿತ್ತು. ಎಲ್ಲರಿಗಿಂತ ಜಾಣ ಅಂದುಕೊಂಡಿದ್ದೆ ನಾನು!

"ನಿನ್ ತಮ್ಮನಾ? ಎಲ್ಲಿದ್ದಾನೆ? ಬೊಗಳು!"

"ಗೊತ್ತಿಲ್ಲ ಸಾರ್... ನಿಮ್ಮ ದಮ್ಮಯ್ಯ, ಅವನನ್ನ ಬಿಟ್ಬಿಡಿ..."

ಬೋಳ ತಿರುಗಿದ. ಮೇಜಿನ ಕೆಳಗೆ ಇಳಿದ ವೈರು ಕಂಡಿರಬೇಕು. ಕಾಲರ್ ಹಿಡಿದು ಎಳೆದ. ಹೊಟ್ಟೆಗೆ ಗುದ್ದು! ಕಣ್ಣಿಗೆ ಕತ್ತಲೆ ಕವಿಯಿತು. ಫೋನು ಮಾತ್ರ ಬಿಡಲಿಲ್ಲ. ಕಾನ್ಫರೆನ್ಸ್ ಬಟನ್ ಒತ್ತಿದೆ. ಇಡೀ ಆಫೀಸಿಗೆ ಪ್ರಕಟಣೆ ಕೊಡುವ ನಂಬರ್ ಒತ್ತಿದೆ. ಮತ್ತೆ ಕಾನ್ಫರೆನ್ಸ್! ಎರಡೂ ಲೈನು ಒಂದಾದವು.

ಗಾಜಿನ ಬಾಗಿಲಿನಾಚೆ ಅರವತ್ತು ಮೇಜು, ಅರವತ್ತು ಫೋನು. ಎಲ್ಲವೂ ಒಟ್ಟಿಗೆ ಮ್ಯಾನೇಜರನ ದನಿಯಲ್ಲಿ ಬಾಯಿಬಿಟ್ಟವು.

"ಗೋಡೌನ್‌ನಲ್ಲಿ ಆ ಹಮಾಲಿ ಸುಟ್ಟು ಸತ್ತನಲ್ಲ... ಇವತ್ತು ನಿಂಗೂ ಅದೇ ಗತಿ!"

ಟೈಪಿಂಗ್ ಸದ್ದು ನಿಂತಿತು.

ಇನ್ನಾರು ತಿಂಗಳಿಗೆ ರಿಟೈರ್ ಆಗಲಿದ್ದ ಫೈಲಿಂಗ್ ಕ್ಲರ್ಕ್ ಅಮ್ಮ ಮೊದಲು ಎದ್ದರು. ಅವರ ಹಿಂದೆ ಎಲ್ಲರೂ. ಕ್ಯಾಬಿನ್ ಬಾಗಿಲು ಮುರಿದೇ ಹೋಯಿತು. ಅಷ್ಟು ಜನರನ್ನು ನೋಡಿದ ಬೋಳ ನನ್ನ ಕಾಲರ್ ಬಿಟ್ಟು ಮೆಟ್ಟಿಲಿಗೆ ಓಡಿದ. ಕೆಳಗಿನಿಂದ ಪೊಲೀಸರು ಹತ್ತಿ ಬರುತ್ತಿದ್ದರು.

ಅಕ್ಕ ಹೊರಬಂದು ನನ್ನ ತಲೆಗೆ ಮೊಟಕಿದಳು. "ನಿಂಗೇನಾದ್ರೂ ಆಗಿದ್ರೆ?" ಎಂದು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ನಾಚಿಕೆಯೇನು ಬಂತು!

ಬೇಡಿ ಹಾಕಿಸಿಕೊಂಡ ಮ್ಯಾನೇಜರ್ ನಮ್ಮ ಮುಂದೆಯೇ ಹಾದುಹೋದ. ಆಗ ಫೋನು ಬಡಿದುಕೊಂಡಿತು. ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎತ್ತಿದಳು.

"ಮ್ಯಾನೇಜರ್ರಾ? ಈಗಷ್ಟೇ ಹೊರಗೆ ಹೋದ್ರು ಸಾರ್. ವಾಪಸ್ ಬರೋಕೆ ಹದಿನಾಲ್ಕು ವರ್ಷ ಆಗ್ಬಹುದು... ಲೈನ್‌ನಲ್ಲೇ ಇರ್ತೀರಾ?"