ದುಂಡು ದೀಪ, ಚೌಕ ದೀಪ

೨೦೦೨ನೇ ಇಸವಿ ಫೆಬ್ರವರಿ ೬, ಬುಧವಾರ. ಬೆಳಿಗ್ಗೆ ೯.೪೦ಕ್ಕೆ ಶಿವಮೊಗ್ಗದ ಬಡಾವಣೆ ಠಾಣೆಯಲ್ಲಿ ದೂರು ಬರೆದುಕೊಳ್ಳಲು ಕೂತ ಹೆಡ್ ಕಾನ್‌ಸ್ಟೇಬಲ್ ಭೂತಪ್ಪ ಎರಡನೇ ಸಾಲಿಗೇ ಪೆನ್ನು ಕೆಳಗಿಟ್ಟ.

"ಕಾರಿನ ಹಿಂದಿನ ಎರಡು ದೀಪ ಕದ್ದಿದ್ದಾರೆ ಅಂದ್ರಿ. ಸರಿ. ಆಮೇಲೆ?"

"ಅದೇ ಜಾಗದಲ್ಲಿ ಬೇರೆ ಎರಡು ದೀಪ ಹಾಕಿ ಹೋಗಿದ್ದಾರೆ."

"ಯಾರು, ಕಳ್ಳರಾ?"

"ಹೂಂ ಕಣ್ರೀ, ಕಳ್ಳರೇ."

ಮೂವತ್ತು ವರ್ಷದ ನೌಕರಿಯಲ್ಲಿ ಭೂತಪ್ಪ ಸೈಕಲ್ ಕಳ್ಳರಿಂದ ಹಿಡಿದು ಹುಂಡಿ ಕಳ್ಳರವರೆಗೆ ಎಲ್ಲರ ಮುಖವನ್ನೂ ನೋಡಿದ್ದ. ಒಂದನ್ನು ಕಿತ್ತ ಜಾಗದಲ್ಲಿ ಇನ್ನೊಂದನ್ನು ಕೂರಿಸಿ, ವೈರು ಜೋಡಿಸಿ, ಉರಿಯುತ್ತದೋ ಇಲ್ಲವೋ ಎಂದು ನೋಡಿ ಹೋಗುವ ಕಳ್ಳನನ್ನು ಮಾತ್ರ ನೋಡಿರಲಿಲ್ಲ. ಹಾಗಂತ ನಗುವಂತೆಯೂ ಇರಲಿಲ್ಲ. ಎದುರು ಕೂತಿದ್ದ ಪ್ರಕಾಶ್ ಊರಿನ ದೊಡ್ಡ ಸ್ಕೂಟರ್ ಷೋರೂಮಿನ ಮಾಲೀಕರು. ಠಾಣೆಗೆ ಬರುವ ಮೊದಲೇ ಮೇಲಿನವರಿಗೆ ಫೋನ್ ಮಾಡಿ ಬಂದಿದ್ದರು.

ಕಾರು ಎಂ.ಜಿ. ಕಂಪನಿಯದು. ಎರಡೇ ಸೀಟಿನ, ಉದ್ದ ಮೂತಿಯ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಮೊದಲು ಅದು ಡಾಕ್ಟರ್ ಗೋವಿಂದಯ್ಯನವರದಾಗಿತ್ತು. ಅವರು ತೀರಿಕೊಂಡ ಮೇಲೆ ಮನೆ, ಷೆಡ್ಡು, ಕಾರು ಮೂರನ್ನೂ ಒಟ್ಟಿಗೇ ಪ್ರಕಾಶ್ ಕೊಂಡು ಒಂದೂವರೆ ವರ್ಷವಾಗಿತ್ತು. ಬರುವ ಭಾನುವಾರ ಬೆಂಗಳೂರಿನಲ್ಲಿ ಹಳೆ ಕಾರುಗಳ ಸ್ಪರ್ಧೆ. ಇಂಗ್ಲೆಂಡಿನ ಕಾರ್ಖಾನೆಯಿಂದ ಹೊರಬಿದ್ದ ದಿನ ಯಾವ ಭಾಗ ಹೇಗಿತ್ತೋ ಇವತ್ತೂ ಹಾಗೇ ಇದ್ದರೆ ಮಾತ್ರ ಅಲ್ಲಿ ಅಂಕ. ಈ ಮಾದರಿಗೆ ಮೊದಮೊದಲು ಹಿಂದಿನ ದೀಪ ಚೌಕವಾಗಿತ್ತಂತೆ, ಆಮೇಲೆ ದುಂಡಾಯಿತಂತೆ. ತಮ್ಮದು ೧೯೫೩ರ ಗಾಡಿ, ಹಾಗಾಗಿ ದುಂಡು ದೀಪವೇ ಸರಿ ಎಂದು ಪ್ರಕಾಶ್ ಇಂಗ್ಲೆಂಡಿನಿಂದಲೇ ತರಿಸಿ ಹಾಕಿಸಿದ್ದರು. ಅದರಲ್ಲಿದ್ದ ಚೌಕ ದೀಪಗಳನ್ನು ಗುಜರಿಗೆ ಹಾಕಿದ್ದರು. ಈಗ ದುಂಡು ದೀಪ ಮಾಯವಾಗಿ, ಗುಜರಿಗೆ ಹೋಗಿದ್ದ ಚೌಕ ದೀಪಗಳೇ ತಮ್ಮ ಹಳೇ ಜಾಗಕ್ಕೆ ಬಂದು ಕೂತಿದ್ದವು.

"ಬೀಗ ಒಡೆದಿದ್ದಾರಾ?"

"ಇಲ್ಲ. ನಿನ್ನೆ ಬೆಳಿಗ್ಗೆ ದುಂಡು ದೀಪಾನೇ ಇತ್ತು, ಸಂಜೆ ನೋಡಿದ್ರೆ ಚೌಕದ್ದು. ಕೀಲಿ ಇರೋದು ಎರಡೇ. ಒಂದು ನನ್ನ ಹತ್ರ, ಇನ್ನೊಂದು ಮನೆಕೆಲಸದ ಹುಲಿಗೆಮ್ಮನ ಹತ್ರ." ಪ್ರಕಾಶ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಶನಿವಾರ ಬೆಳಿಗ್ಗೆ ಕಾರು ಲಾರಿ ಹತ್ತಬೇಕು. ಅಷ್ಟರೊಳಗೆ ದೀಪ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಅವಳ ಹೆಸರೇ ಬರ್ಕೊಳಿ. ಅವತ್ತೇ ಮನೆ ಬಿಟ್ಟು ನಡೀಲಿ."

೧೦.೩೦ಕ್ಕೆ ಐ.ಪಿ.ಸಿ. ೪೫೪ ಮತ್ತು ೩೮೦ನೇ ಕಲಮಿನಡಿ ಎಫ್.ಐ.ಆರ್. ದಾಖಲಾಯಿತು. ೧೧.೧೫ಕ್ಕೆ ಸಬ್ ಇನ್ಸ್‌ಪೆಕ್ಟರ್ ಪರಮೇಶ್ ಇಬ್ಬರು ಪಂಚರನ್ನು ಕರೆದುಕೊಂಡು ಷೆಡ್ಡಿಗೆ ಹೋದರು. ಪರಮೇಶ್ ಇನ್ನೂ ಮೂವತ್ತು ದಾಟದ, ಕಾಗದಪತ್ರದ ವಿಷಯದಲ್ಲಿ ಕೂದಲು ಸೀಳುವ ಅಧಿಕಾರಿ.

"ಭೂತಪ್ಪನೋರೆ, ಚಾಸಿ ನಂಬರ್ ಬರ್ಕೊಳಿ."

"ದೀಪ ಹೋಗಿದ್ದಕ್ಕೆ ಚಾಸಿ ನಂಬರ್ ಯಾಕೆ ಸಾರ್?"

"ಗಾಡಿ ಅಂದ್ಮೇಲೆ ಚಾಸಿ ನಂಬರ್ ಇರ್ಲೇಬೇಕು. ಇಲ್ದಿದ್ರೆ ಕೋರ್ಟಲ್ಲಿ ಪಂಚನಾಮೆ ಮುಖಕ್ಕೆ ಎಸೀತಾರೆ."

ಭೂತಪ್ಪ ಗೊಣಗುತ್ತ ಬಾನೆಟ್ ಎತ್ತಿಸಿ, ಒಳಗಿದ್ದ ತಗಡಿನ ಪಟ್ಟಿಯನ್ನು ಕರವಸ್ತ್ರದಿಂದ ಒರೆಸಿ, ಒಂದೊಂದೇ ಅಂಕಿ ಓದಿ ಬರೆದುಕೊಂಡ. ಆಮೇಲೆ ಹಿಂಬದಿಗೆ ಬಂದು ಕುಕ್ಕುರುಗಾಲಲ್ಲಿ ಕೂತ. ದೀಪ ಹಿಡಿದಿದ್ದ ಪ್ರತಿ ನಟ್ಟಿನ ಮೇಲೂ ಸಾಸಿವೆ ಗಾತ್ರದ ಬಿಳಿ ಚುಕ್ಕೆ.

"ಪೇಂಟು," ಎಂದರು ಪರಮೇಶ್.

ಭೂತಪ್ಪ ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದು ನಾಲಿಗೆಯ ತುದಿಗೆ ಮುಟ್ಟಿಸಿದ. ದಿನಕ್ಕೆ ಹತ್ತು ಸಲ ಎಲೆ ಹಾಕುವವನಿಗೆ ಅದರ ಗುರುತು ಹತ್ತದೆ ಇರುತ್ತದೆಯೇ? "ಸುಣ್ಣ ಸಾರ್. ಎಲೆಗೆ ಹಚ್ಚೋ ಸುಣ್ಣ."

ಮತ್ತೆ ಬಾನೆಟ್ಟಿನೊಳಗೆ ಬಗ್ಗಿ ನೋಡಿದರೆ ಅಲ್ಲಿನ ನಟ್ಟುಗಳ ಮೇಲೂ ಅದೇ ಚುಕ್ಕೆಗಳಿದ್ದವು. ಹಳತಾಗಿ, ಎಣ್ಣೆ ಕುಡಿದು ಹಳದಿಯಾಗಿದ್ದವು. ಬಂದವನು ಈ ಕಾರಿಗೆ ಹೊಸಬನಲ್ಲ ಎಂಬುದು ಇಬ್ಬರಿಗೂ ಸ್ಪಷ್ಟವಾಯಿತು.

ಹುಲಿಗೆಮ್ಮ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಆಯನೂರಿನ ಹೆಂಗಸು, ಐವತ್ತರ ಮೇಲಿನ ವಯಸ್ಸು. ಡಾಕ್ಟರ ಕಾಲದಿಂದಲೂ ಈ ಮನೆಯಲ್ಲೇ ದುಡಿದು, ಷೆಡ್ಡಿನ ಹಿಂದಿನ ಒಂದು ಕೋಣೆಯಲ್ಲಿ ಬದುಕು ಕಟ್ಟಿಕೊಂಡವಳು.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?" ಎಂದು ಪರಮೇಶ್ ಕೇಳಿದರು.

"ರೇಷನ್ ಅಂಗ್ಡೀಲಿ ಸಾರ್. ಸೀಮೆಎಣ್ಣೆ ಕ್ಯೂ."

"ಕೀಲಿ?"

"ಸೊಂಟದಲ್ಲೇ ಇತ್ತು."

"ಡಾಕ್ಟರಿದ್ದಾಗ ಈ ಕಾರು ರಿಪೇರಿ ಮಾಡ್ತಿದ್ದೋರು ಯಾರು?"

ಹುಲಿಗೆಮ್ಮ ನೆಲ ನೋಡಿದಳು. "ನೆನಪಿಲ್ಲ ಸಾರ್."

ಹದಿನೈದು ವರ್ಷ ಅದೇ ಅಂಗಳ ಗುಡಿಸಿದವಳಿಗೆ ನೆನಪಿಲ್ಲವಂತೆ. ಭೂತಪ್ಪ ಅವಳ ಮುಖವನ್ನೊಮ್ಮೆ ನೋಡಿದ, ಬರೆದುಕೊಳ್ಳಲಿಲ್ಲ. ಪರಮೇಶ್ ಅತ್ತ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಶನಿವಾರ ನನ್ನ ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗ್ಲಿ ಸಾರ್? ಆಯನೂರಲ್ಲಿ ಈಗ ನಂಗೆ ಅಂತ ಯಾರೂ ಇಲ್ಲ."

ಭೂತಪ್ಪ ಹಿಂದಿನ ದೀಪದ ಒಂದು ನಟ್ಟು ಬಿಚ್ಚಿ ಜೇಬಿಗಿಟ್ಟುಕೊಂಡ.

ಗುರುವಾರ ಇಡೀ ದಿನ ಅವನು ಆ ನಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆದ. ಸಂಜೆ ೪.೧೦ಕ್ಕೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಮುಸ್ತಕೀಮ್ ಎಂಬ ಮೆಕ್ಯಾನಿಕ್ ನಟ್ಟನ್ನು ಅಂಗೈಮೇಲಿಟ್ಟು ನೋಡಿದ ಕೂಡಲೇ ಎದ್ದು ನಿಂತ.

"ಇದು ಖಾಜಾ ಪೀರ್ ಉಸ್ತಾದ್ರ ಗುರುತು. ಬಿಗಿ ಮಾಡಿದ ನಟ್ಟಿಗೆಲ್ಲ ಎಲೆ ಡಬ್ಬಿ ಸುಣ್ಣ ಇಡೋರು. ಯಾವುದು ಆಯ್ತು, ಯಾವುದು ಬಾಕಿ ಅಂತ ಗೊತ್ತಾಗ್ಲಿ ಅಂತ. ನಮಗೂ ಕಲಿಸಿದ್ರು. ನಾವು ಬಿಟ್ವಿ, ಅವರ ಕೈ ಬಿಟ್ಟಿಲ್ಲ."

"ಎಲ್ಲಿದ್ದಾರೆ?"

"ಭದ್ರಾವತೀಲಿ, ಜನ್ನಾಪುರ. ಡಾಕ್ಟ್ರು ಹೋದ್ಮೇಲೆ ಕೆಲ್ಸ ನಿಲ್ಲಿಸಿದ್ರು. ಈಗ ಅವರ ಕಡೆ ಯಾರೂ ಹೋಗಲ್ಲ ಸಾರ್. ನಾನೂ ಹೋಗಿಲ್ಲ."

ಅವತ್ತು ಭೂತಪ್ಪ ಮನೆಗೆ ಹೋಗಿ ಒಬ್ಬನೇ ಅನ್ನ ಬೇಯಿಸಿಕೊಂಡ. ಹೆಂಡತಿ ಬಂಗಾರಮ್ಮ ತೀರಿಕೊಂಡು ಎರಡು ವರ್ಷ. ಮಗಳು ಇಂಪನಾ ಹುಬ್ಬಳ್ಳಿಯಲ್ಲಿ ಗಂಡನ ಮನೆ ಸೇರಿದ್ದಳು, ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಕಳ್ಳನನ್ನು ಪತ್ತೆ ಮಾಡಿದ ದಿನ ಹೆಂಡತಿಯ ಮುಂದೆ ಕೊಚ್ಚಿಕೊಳ್ಳುವುದು ಅವನ ಅಭ್ಯಾಸ. ಕೇಳುವವರಿಲ್ಲದ ಮೇಲೆ ಗೆದ್ದರೇನು, ಸೋತರೇನು ಅನ್ನಿಸಿ ಅರ್ಧ ಊಟಕ್ಕೇ ಕೈ ತೊಳೆದ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಕಾದು, ೩.೦೦ ಗಂಟೆಗೆ ಪರಮೇಶ್, ಭೂತಪ್ಪ ಇಬ್ಬರೂ ಜನ್ನಾಪುರ ತಲುಪಿದರು. ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುತ್ತಿದ್ದವು. ಖಾಜಾ ಪೀರ್‌ಗೆ ಎಪ್ಪತ್ತು ದಾಟಿತ್ತು. ಪೊಲೀಸರನ್ನು ಕಂಡು ಅವರು ಹೆದರಲಿಲ್ಲ. ಯಾರೋ ಮನೆಗೆ ಬಂದರಲ್ಲ ಎಂಬಂತೆ ಚಾಪೆ ಹಾಸಿದರು.

"ಮಂಗಳವಾರ ಮಧ್ಯಾಹ್ನ ಎಲ್ಲಿದ್ರಿ?" ಪರಮೇಶ್ ನಿಂತೇ ಕೇಳಿದರು.

"ಮನೇಲೇ ಇದ್ದೆ."

"ನೋಡಿದೋರು?"

"ನನ್ನ ಯಾರು ನೋಡ್ತಾರೆ ಸಾರ್? ಹಾಜರಾ ಇದ್ಲು, ನನ್ನ ಹೆಂಡತಿ. ಅವಳು ಹೋಗಿ ಹತ್ತು ತಿಂಗಳಾಯ್ತು."

"ಶಿವಮೊಗ್ಗಕ್ಕೆ ಹೋಗಿರ್ಲಿಲ್ಲ?"

"ಇಲ್ಲ."

ಕಣ್ಣಾರೆ ಕಂಡವರಿಲ್ಲ, ಕೈಯಲ್ಲಿರುವುದು ಒಂದು ನಟ್ಟು, ಒಂದು ಚಿಟಿಕೆ ಸುಣ್ಣ. ಭೂತಪ್ಪ ಚಾಪೆಯ ಮೇಲೆ ಕೂತು, ಎದುರಿನವರನ್ನು ನೋಡದೆ ಹೇಳಿದ: "ಹುಲಿಗೆಮ್ಮನ ಮೇಲೆ ಬಂದಿದೆ ಸಾಬ್ರೆ. ನಾಳೆ ಬೆಳಿಗ್ಗೆ ಅವಳನ್ನ ಹೊರಗೆ ಹಾಕ್ತಾರೆ. ನಿಮ್ಮ ಹೆಸರು ಕೇಳಿದ್ರೆ ನೆನಪಿಲ್ಲ ಅಂದ್ಳು."

ಮುದುಕರ ಮುಖ ಬಾಡಿತು. "ಅವಳ ಮೇಲೆ ಯಾಕೆ ಬಂತು? ಅವಳು ರೇಷನ್ನಿಗೆ ಹೋಗೋ ದಿನ ನೋಡ್ಕೊಂಡೇ ಹೋದೆನಲ್ಲ ನಾನು. ಅವಳು ಅಲ್ಲಿಲ್ದಿದ್ರೆ ಅವಳ ತಲೆ ಮೇಲೆ ಬರಲ್ಲ ಅಂತ."

ಅವರು ಎದ್ದು ಪೆಟ್ಟಿಗೆಯಿಂದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು. ಎರಡು ದುಂಡು ದೀಪ, ಒಂದು ಗೀರೂ ಬಿದ್ದಿರಲಿಲ್ಲ. ಪಕ್ಕದಲ್ಲಿ ಒಂದು ಕೀಲಿ.

"ಈ ಕೀಲಿ ಡಾಕ್ಟ್ರು ಅರವತ್ತೆಂಟರಲ್ಲಿ ಕೊಟ್ಟಿದ್ದು. ಯಾರೂ ವಾಪಸ್ ಕೇಳ್ಲಿಲ್ಲ."

"ಪ್ರಕಾಶ್ ಅವರಿಗೆ ನೇರ ಹೇಳ್ಬಹುದಿತ್ತಲ್ಲ?" ಎಂದರು ಪರಮೇಶ್.

"ಮೂರು ಸಲ ಹೋದೆ. ಗೇಟಿಂದಲೇ ಕಳಿಸಿದ್ರು. ಅವರು ಆರ್.ಸಿ. ನೋಡಿ ಐವತ್ಮೂರು ಅಂತಾರೆ. ಅದು ಇಲ್ಲಿ ನಂಬರ್ ಹಾಕ್ಸಿದ ವರ್ಷ. ಗಾಡಿ ಹುಟ್ಟಿದ್ದು ಅದಕ್ಕೆ ಮೊದಲೇ. ಹಡಗಲ್ಲಿ ಬಂದು ಬೊಂಬಾಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಗಾಡಿ ಅದು. ಅದರ ದೀಪ ಚೌಕದ್ದೇ. ಗುಜರಿಯವನ ಹತ್ರ ಹುಡುಕಿ ತಂದು ಹಾಕಿದೆ. ಜನರ ಮುಂದೆ ತಪ್ಪು ದೀಪ ಹಾಕ್ಕೊಂಡು ನಿಲ್ಬಾರದು ಅದು."

೪.೨೦ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ೪.೫೦ಕ್ಕೆ ಖಾಜಾ ಪೀರ್ ಅವರನ್ನು ಬಂಧಿಸಲಾಯಿತು. ದಾವಣಗೆರೆಯಲ್ಲಿದ್ದ ಮಗಳು ಸಮ್ರೀನ್‌ಗೆ ಭೂತಪ್ಪನೇ ಬೂತಿನಿಂದ ಫೋನ್ ಮಾಡಿ ತಿಳಿಸಿದ.

ಮುದುಕರು ಹೇಳಿದ್ದನ್ನು ಫೋನಿನಲ್ಲಿ ಕೇಳಿ ೬.೧೦ಕ್ಕೆ ಠಾಣೆಗೆ ಬಂದ ಪ್ರಕಾಶ್ ಅವರ ಕೈಯಲ್ಲಿ ಆ ಕಾರಿನ ಮಾದರಿಯ ಇಂಗ್ಲಿಷ್ ಪುಸ್ತಕವಿತ್ತು. ದೀಪ ಬದಲಾದದ್ದು ಯಾವ ಚಾಸಿ ನಂಬರಿನಿಂದ ಎಂದು ಅದರಲ್ಲೇ ಅಚ್ಚಾಗಿತ್ತು. ಪರಮೇಶ್ ಷೆಡ್ಡಿನ ಪಂಚನಾಮೆಯನ್ನು ಪಕ್ಕಕ್ಕಿಟ್ಟು ಎರಡು ಸಂಖ್ಯೆಗಳ ಮೇಲೂ ಬೆರಳಿಟ್ಟರು. ಕಾರಿನದು ಮುನ್ನೂರ ಹನ್ನೊಂದು ಕಡಿಮೆ.

ಪ್ರಕಾಶ್ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಮತ್ತೊಮ್ಮೆ ಓದಿದರು. "ಹಾಗಾದ್ರೆ ಚೌಕದ್ದೇ ಸರಿ. ನಾನು ಚಾಸಿ ನಂಬರ್ ನೋಡ್ಲೇ ಇಲ್ಲ." ಆಮೇಲೆ ಕೇಳಿದರು: "ಕಂಪ್ಲೇಂಟ್ ವಾಪಸ್ ತಗೊಳ್ಬಹುದಾ?"

"ಅದೀಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ನಾಳೆ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿ."

"ಹುಲಿಗೆಮ್ಮ ಇರ್ಲಿ," ಎಂದರು ಪ್ರಕಾಶ್, ಯಾರ ಮುಖವನ್ನೂ ನೋಡದೆ. ಮುದುಕರು ಕೂತಿದ್ದ ಬೆಂಚಿನ ಎದುರು ಒಂದು ಗಳಿಗೆ ನಿಂತು ಹೊರಟುಹೋದರು.

೭.೦೦ ಗಂಟೆಗೆ ಹೇಳಿಕೆ ಬರೆದುಕೊಳ್ಳಲು ಭೂತಪ್ಪ ಕೂತ.

"ದೀಪ ಬದಲಿಸೋಕೆ ಎಷ್ಟು ಹೊತ್ತು ಹಿಡೀತು?"

"ಅರ್ಧ ಗಂಟೆ."

"ಷೆಡ್ಡೊಳಗೆ ಹೋಗಿದ್ದು?"

"ಒಂದಕ್ಕೆ."

"ಹೊರಗೆ ಬಂದಿದ್ದು?"

"ನಾಲ್ಕಕ್ಕೆ."

"ಉಳಿದ ಎರಡೂವರೆ ಗಂಟೆ ಏನು ಮಾಡಿದ್ರಿ?"

"ಕೂತಿದ್ದೆ."

"ಕಾರಲ್ಲಾ?"

"ಛೇ, ಆ ಸೀಟು ಡಾಕ್ಟ್ರದು. ಕೆಳಗೆ, ಚಕ್ರದ ಪಕ್ಕ ಕೂತಿದ್ದೆ. ಹಾಜರಾ ಹೋಗಿದ್ದು ಅದಕ್ಕೆ ಹೇಳಿರ್ಲಿಲ್ಲ ನಾನು. ಹೇಳಿದೆ."

ಭೂತಪ್ಪ ಕಾಗದದ ಕಡೆ ಬಗ್ಗಿ ಇಲಾಖೆಯ ಭಾಷೆಯಲ್ಲೇ ಬರೆದ: 'ಆರೋಪಿಯು ಸದರಿ ಸ್ಥಳದಲ್ಲಿ ಎರಡೂವರೆ ಗಂಟೆಗಳ ಕಾಲ ಕುಳಿತಿದ್ದು, ತನ್ನ ಹೆಂಡತಿ ಮರಣ ಹೊಂದಿದ ವಿಷಯವನ್ನು ಕಾರಿಗೆ ತಿಳಿಸಿರುತ್ತಾನೆ.'

ಪರಮೇಶ್ ಆ ಸಾಲನ್ನು ಎರಡು ಸಲ ಓದಿದರು. ಹೊಡೆದುಹಾಕಿ ಅನ್ನಲಿಲ್ಲ. ಕೆಳಗೆ ಸಹಿ ಮಾಡಿ, ಮುದುಕರಿಗೆ ಊಟ ತರಿಸಲು ಹೇಳಿ ಒಳಗೆ ಹೋದರು.