ಕಿಕ್ಕರ್ ಬೇಕಾಗಿದ್ದಾಳೆ

"ಫೋನ್ ಕುಡುಂಗ."

ಫೋನ್ ಕೊಡಿ ಎಂದು ತಮಿಳಿನಲ್ಲಿ ಕೇಳಿ ಮುನಿಲಕ್ಷ್ಮಿ ಕೈ ಚಾಚಿ ನಿಂತಿದ್ದಳು. ತಮಿಳುನಾಡಿನ ಪಾಲಕೋಡಿನ ಆಚೆಗಿದ್ದ ಶಾಲೆಯ ಮೈದಾನದ ಅಂಚಿನಲ್ಲಿ, ಬೇವಿನ ಮರದ ಮರೆಯಲ್ಲಿ ನಿಂತು ತನ್ನ ಹುಡುಗಿಯರ ವಿಡಿಯೋ ತೆಗೆಯುತ್ತಿದ್ದ ಅಪರಿಚಿತನನ್ನು ಒಂದೇ ಓಟಕ್ಕೆ ಬಂದು ಹಿಡಿದಿದ್ದಳು. ಎದೆ ಏದುಸಿರಿನಿಂದ ಏರಿಳಿಯುತ್ತಿತ್ತು.

ಅವನು ಫೋನ್ ಕೊಟ್ಟ.

ಅವಳು ಒಂದೊಂದೇ ವಿಡಿಯೋ ಸರಿಸುತ್ತಾ ಹೋದಳು. ಯಾವುದರಲ್ಲೂ ಮುಖವಿಲ್ಲ. ಬರೀ ಕಾಲು... ಕ್ಯಾನ್ವಾಸ್ ಶೂ ಹಾಕಿದ ಕಾಲು, ಕೆಂಪು ಮಣ್ಣು ಮೆತ್ತಿದ ಬರಿಗಾಲು.

ಅವಳ ಮೈ ಉರಿದುಹೋಯಿತು. ಆ ಶಾಲೆಗೆ ಅವಳು ತಾತ್ಕಾಲಿಕ ಪಿ.ಟಿ. ಟೀಚರ್. ಬಿ.ಪಿ.ಎಡ್ ಮುಗಿಸಿ ಬಂದವಳು, ಹಠ ಹಿಡಿದು ಹುಡುಗಿಯರಿಗೆ ರಗ್ಬಿ ಕಲಿಸುತ್ತಿದ್ದಳು. ಅವರ ಮೈಮೇಲೆ ಒಂದು ಕೆಟ್ಟ ಕಣ್ಣು ಬೀಳಲು ಬಿಡುವವಳಲ್ಲ. ತಮಿಳಿನಲ್ಲಿ ಬಾಯಿಗೆ ಬಂದಂತೆ ಬೈದಳು, ಪೊಲೀಸರನ್ನು ಕರೆಯುತ್ತೇನೆಂದಳು.

ಅವನು ತಲೆ ತಗ್ಗಿಸಿ ತನ್ನಷ್ಟಕ್ಕೆ ಗೊಣಗಿದ.

"ನಮ್ಮವ್ವ ಸೈತ ಇಷ್ಟು ಬೈದಿಲ್ಲ."

ಅವಳ ಬಾಯಿ ಅಲ್ಲೇ ನಿಂತಿತು. ಕನ್ನಡ! ಮನೆಯಲ್ಲಿ ಅಪ್ಪ ಅವ್ವ ಆಡುವ ಮಾತು, ಪ್ಯಾಂಟು ಶರ್ಟು ಹಾಕಿದ ಈ ಹೊಸಬನ ಬಾಯಲ್ಲಿ.

"ಕನ್ನಡದೋರಾ ನೀವು?"

"ಊ. ಸೇಲಂ. ಮಗ್ಗದ ಮನೆ ನಮ್ದು."

ಹೆಸರು ಗೋವಿಂದರಾಜ್. ಸೇಲಂನ ಒಂದು ಖಾಸಗಿ ಕಾಲೇಜಿನಲ್ಲಿ ಮಹಿಳಾ ರಗ್ಬಿ ತಂಡದ ಸಹಾಯಕ ಕೋಚ್. ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿಸಿಕೊಳ್ಳಲು ಗುರಿಯಿಟ್ಟು ಚೆಂಡು ಒದೆಯುವ ಒಬ್ಬಳು ಕಿಕ್ಕರ್‌ಗಾಗಿ ಹುಡುಕುತ್ತಾ ಊರೂರು ತಿರುಗುತ್ತಿದ್ದ. ಹೆಡ್‌ಮಾಸ್ಟರ್ ಅನುಮತಿ ಕೊಟ್ಟಿದ್ದರು, ಆದರೆ ಇವಳಿಗೆ ಹೇಳಲು ಮರೆತಿದ್ದರು.

ಹಾಗಾದರೆ ಬರೀ ಕಾಲು ಯಾಕೆ ಎಂದು ಅವಳು ಬಿಡದೆ ಕೇಳಿದಳು.

"ಒದೆಯೋ ಕಾಲನ್ನ ಎಲ್ರೂ ನೋಡ್ತಾರೆ ಮಿಸ್. ನಾನು ನಿಂತಿರೋ ಕಾಲು ನೋಡ್ತೀನಿ. ಅದು ಚೆಂಡಿನ ಪಕ್ಕ ಎಲ್ಲಿ ಊರುತ್ತೋ, ಚೆಂಡು ಅದರ ಮಾತೇ ಕೇಳೋದು."

ಅವಳು ಫೋನ್ ಹಿಂದಿರುಗಿಸಿದಳು. ಕ್ಷಮೆ ಕೇಳಲಿಲ್ಲ. ಆದರೆ ಆ ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನ ಎಡಗಾಲು ಎಲ್ಲಿ ಊರುತ್ತದೆ ಎಂದೇ ನೋಡಿಕೊಳ್ಳುತ್ತಾ ನಡೆದಳು.

*

ಮುಂದಿನ ವಾರವೂ ಗೋವಿಂದರಾಜ್ ಬಂದ. ಅದರ ಮುಂದಿನ ವಾರವೂ.

ಹುಡುಗಿಯರಲ್ಲಿ ಮುನಿಲಕ್ಷ್ಮಿಗೆ ಭರವಸೆಯಿದ್ದದ್ದು ಪ್ಲಸ್ ಟೂ ಓದುವ, ತನ್ನೂರಿನದೇ ಕನ್ನಡದ ಮನೆಯ ರಾಜಾತಿಯ ಮೇಲೆ. ಮೊಟ್ಟೆ ಆಕಾರದ ಆ ಚೆಂಡನ್ನು ನೆಲದ ಮೇಲಿಟ್ಟು ಒದ್ದರೆ ಎತ್ತರದ ಎರಡು ಬಿದಿರ ಗಳಗಳ ನಡುವೆ, ಅಡ್ಡಗಳದ ಮೇಲಿಂದ ಹಾಯಬೇಕು. ರಾಜಾತಿ ಒದ್ದರೆ ಹೆಚ್ಚಿನ ಸಲ ಹಾಯುತ್ತಿತ್ತು.

ಒಂದು ದಿನ ಅವಳು ಒದ್ದ ಚೆಂಡು ಮತ್ತೆ ಮತ್ತೆ ಬಲಕ್ಕೆ ಹೊರಳಿತು. ಮುನಿಲಕ್ಷ್ಮಿ ದುಪಟ್ಟಾ ಸೊಂಟಕ್ಕೆ ಬಿಗಿದು, ಹೀಗೆ ನೋಡು ಎಂದು ತಾನೇ ಒದ್ದಳು.

ಚೆಂಡು ಗಳಗಳ ನೆತ್ತಿಗೂ ಮೇಲೆ ಏರಿ, ನಟ್ಟ ನಡುವೆ ಹಾದು, ಕಾಂಪೌಂಡಿನಾಚೆ ಟೊಮೆಟೊ ತೋಟದಲ್ಲಿ ಬಿತ್ತು.

ಗೋವಿಂದರಾಜ್ ಫೋನ್ ಎತ್ತುವುದನ್ನೇ ಮರೆತಿದ್ದ.

'ಇಂಥವಳು ಇಲ್ಲಿ ಸೀಟಿ ಊದಿಕೊಂಡು ನಿಂತಿದ್ದಾಳಲ್ಲ...' ಎಂದು ಅವನ ಮನಸ್ಸು ಹೇಳಿತು. ಆಮೇಲೆ ಅವನ ಪ್ರಶ್ನೆಗಳು ಮುಗಿಯಲೇ ಇಲ್ಲ. ಯಾರು ಕಲಿಸಿದರು, ಯಾವಾಗಿಂದ, ಯಾಕೆ ಬಿಟ್ಟದ್ದು?

ಅವಳು ಮೊದಮೊದಲು ಒಂದೊಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಬರಬರುತ್ತಾ ಎಲ್ಲ ಹೇಳಿದಳು. ಅಪ್ಪ ಜವರಪ್ಪನ ಕುರಿಗಳ ಹಿಂದೆ ಅಲೆಯುತ್ತಾ ಬಟ್ಟೆಯ ಚೆಂಡು ಒದ್ದದ್ದು. ಶಾಲೆಯಲ್ಲಿದ್ದಾಗ ಧರ್ಮಪುರಿಯಿಂದ ಆಯ್ಕೆಗೆ ಯಾರೋ ಬರುತ್ತಾರೆಂದು ಜೆರ್ಸಿ ಒಗೆದು ಹಾಕಿಕೊಂಡು ಕಾದದ್ದು. ಯಾರೂ ಬರಲಿಲ್ಲ. ಕತ್ತಲಾದ ಮೇಲೆ ಅವಳು ಒಬ್ಬಳೇ ಮನೆಗೆ ನಡೆದಿದ್ದಳು.

ಅವನು ಸಮಾಧಾನ ಹೇಳಲಿಲ್ಲ. ಅವತ್ತು ಒದ್ದು ತೋರಿಸಬೇಕು ಅಂತಿದ್ದ ಕಿಕ್ ಯಾವುದು ಎಂದಷ್ಟೇ ಕೇಳಿದ.

ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಣ್ಣು ತುಂಬಿಬಂದದ್ದನ್ನು ಮರೆಮಾಚಲು ಅವಳು ಶೂ ಲೇಸ್ ಕಟ್ಟಲು ಬಗ್ಗಿದಳು.

'ಇವನಿಗೆ ನನ್ನ ಮೇಲೆ ಯಾಕಿಷ್ಟು ಕುತೂಹಲ? ನನಗಾದರೂ ಇವನು ಬರುವ ಬಸ್ಸಿನ ಮೇಲೆ ಯಾಕೆ ಕಣ್ಣು?'

*

ಆಯ್ಕೆಯ ಸುದ್ದಿಯನ್ನು ಗೋವಿಂದರಾಜ್ ಫೋನಿನಲ್ಲೇ ಹೇಳಿದ. ಸೇಲಂನಲ್ಲಿ ಕೊನೆಯ ಟ್ರಯಲ್‌ಗೆ ಕರೆದಿರುವವರಲ್ಲಿ ರಾಜಾತಿ ಇರಲಿಲ್ಲ.

"ಮತ್ಯಾರು?" ಮುನಿಲಕ್ಷ್ಮಿ ಕೇಳಿದಳು.

"ನೀವು. ಎಂ.ಪಿ.ಎಡ್ ಸೇರಬೌದು, ಕೋಟಾ ಐತೆ. ಹೆಡ್ ಕೋಚ್ ಹತ್ರ ಮಾತಾಡಿದೀನಿ."

ಅವಳ ಮಾತು ಬೆಂಕಿಯಂತೆ ಬಂತು.

"ನನ್ ಹುಡ್ಗಿ ಜಾಗಾನ ನನಗ್ ಕೊಡ್ತೀರಾ? ನಿಮ್ಮ ಜೊತೆ ನಾಕು ಮಾತು ನಗ್ತಾ ಆಡಿದೆ ಅಂತಾನಾ?"

"ಅಂಗಲ್ಲ ಮಿಸ್..."

"ಮತ್ತೆ ಎಂಗೆ? ರಾಜಾತಿ ಯಾಕೆ ಬೇಡ ಅಂತ ಯೋಳಿ."

ಅವನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡ. ಅವನು ಒಬ್ಬರಿಗೆ ಮಾತು ಕೊಟ್ಟಿದ್ದ.

"ಅದನ್ನ ನಾನು ಯೋಳಕ್ಕಾಗಲ್ಲ," ಎಂದ.

ಅವಳು ಫೋನ್ ಇಟ್ಟಳು. ಅವನ ನಂಬರನ್ನು ಬ್ಲಾಕ್ ಮಾಡಿದಳು. ಅವತ್ತು ಅವ್ವ ಚಿನ್ನಕ್ಕ ಊಟಕ್ಕೆ ಕರೆದರೆ ತಲೆನೋವೆಂದು ಗೋಡೆಯ ಕಡೆ ತಿರುಗಿ ಮಲಗಿದಳು. ತನ್ನ ಆಟವನ್ನು ಮೆಚ್ಚಿದನೆಂದು ನಂಬಿದ್ದಳಲ್ಲ... ಆ ನಂಬಿಕೆಯೇ ಈಗ ಹೆಚ್ಚು ನೋಯುತ್ತಿತ್ತು.

ಮಾರನೆಯ ದಿನ ಅವಳು ರಾಜಾತಿಯನ್ನು ಪಕ್ಕಕ್ಕೆ ಕರೆದು, ಬೇಜಾರು ಮಾಡಿಕೋಬೇಡ, ಬೇರೆ ಕಾಲೇಜಿಗೆ ಪ್ರಯತ್ನ ಮಾಡೋಣ ಎಂದಳು. ಹುಡುಗಿ ಅಳತೊಡಗಿದಳು. ಅದು ದುಃಖದ ಅಳುವಲ್ಲ, ಭಯದ್ದು.

"ಮಿಸ್... ನಾನೇ ಬೇಡ ಅಂದೆ. ನಂಗೆ ನರ್ಸಿಂಗ್ ಓದ್ಬೇಕು. ಸಾರ್ ಕೇಳುದ್ರು, ನಿಜವಾಗ್ಲೂ ನಿಂಗೇನ್ ಬೇಕು ಅಂತ. ಯೋಳ್ದೆ. ಮಿಸ್‌ಗೆ ಯೋಳ್ಬೇಡಿ, ಬೇಜಾರಾಯ್ತಾರೆ, ನಾನೇ ಯೋಳ್ತೀನಿ ಅಂತ ಮಾತು ಇಸ್ಕಂಡಿದ್ದೆ. ಧೈರ್ಯ ಬರಲಿಲ್ಲ."

ಮುನಿಲಕ್ಷ್ಮಿ ಹುಡುಗಿಯ ಪಕ್ಕ ನೆಲದ ಮೇಲೆ ಕುಳಿತಳು.

ಎಷ್ಟು ಸಲ ಬೆಳಗ್ಗೆಯೇ ಈ ಹುಡುಗಿಯನ್ನು ಎಬ್ಬಿಸಿ ಮೈದಾನಕ್ಕೆ ಕರೆತಂದಿದ್ದಳು! ಏನು ಬೇಕು ಎಂದು ಒಮ್ಮೆಯೂ ಕೇಳಿರಲಿಲ್ಲ. ಎಲ್ಲಿಂದಲೋ ಬಂದವನು ಕೇಳಿದ್ದ.

ಅವಳು ರಾಜಾತಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ನೀನು ನರ್ಸೇ ಆಗು, ಅರ್ಜಿ ಹಾಕಲು ಧರ್ಮಪುರಿಗೆ ನಾನೇ ಜೊತೆಗೆ ಬರುತ್ತೇನೆ ಎಂದಳು.

ಆಮೇಲೆ ಒಂದೇ ಪ್ರಶ್ನೆ ಉಳಿಯಿತು. ನನಗೇನು ಬೇಕು?

*

ಸೇಲಂನ ಕಾಲೇಜು ಮೈದಾನದಲ್ಲಿ ಗೋವಿಂದರಾಜ್ ಸುಣ್ಣದ ಗೆರೆ ಎಳೆಯುತ್ತಿದ್ದ. ಗೇಟಿನಿಂದ ನಡೆದು ಬಂದವಳನ್ನು ಕಂಡದ್ದೇ ಅವನ ಕೈಯಿಂದ ಸುಣ್ಣದ ಪುಡಿ ಒಂದೇ ಕಡೆ ಸುರಿದುಹೋಯಿತು.

"ರಾಜಾತಿ ಎಲ್ಲಾ ಯೋಳಿದ್ಲು," ಎಂದಳು ಮುನಿಲಕ್ಷ್ಮಿ. "ತಪ್ಪು ತಿಳ್ಕಂಡೆ. ಆದ್ರೂ ಒಂದು ಅನುಮಾನ ಐತೆ. ನಾನು ಚೆನ್ನಾಗಿ ಆಡ್ತೀನಿ ಅಂತ ಕರುದ್ರಾ, ಇಲ್ಲಾ..."

ಅವಳು ಸುಣ್ಣ ಮೆತ್ತಿದ ಅವನ ಕೈಯ ಕಡೆ ನೋಡಿದಳು.

ಅವನು ಕೈ ಒರೆಸಿಕೊಂಡ. "ಅದನ್ನ ನನ್ನ ಕೇಳ್ಬೇಡಿ. ನನ್ ಉತ್ತರ ನೀವು ನಂಬಕ್ಕಾಗಲ್ಲ. ಹೆಡ್ ಕೋಚ್ ಜಯಪ್ರಿಯಾ ಮೇಡಂ ನೋಡ್ಲಿ. ಅವರಿಗೆ ನಿಮ್ಮ ಹೆಸರು ಬುಟ್ರೆ ಬೇರೇನೂ ಗೊತ್ತಿಲ್ಲ. ಟ್ರಯಲ್ ಒತ್ತಿಗೆ ನಾನು ಇಲ್ಲಿ ಇರಲ್ಲ."

ಹೇಳಿದಂತೆಯೇ ಮಾಡಿದ. ಟ್ರಯಲ್ ದಿನ ಕಾಂಪೌಂಡಿನಾಚೆಯ ಟೀ ಅಂಗಡಿಯಲ್ಲಿ ಹೋಗಿ ಕುಳಿತ. ಅಲ್ಲಿಂದ ಮೈದಾನ ಕಾಣಿಸದು. ಚೆಂಡಿಗೆ ಕಾಲು ತಾಗುವ ದಪ್ಪ ಸದ್ದು ಮಾತ್ರ ಕೇಳುತ್ತಿತ್ತು. ಯಾವುದು ಅವಳದು? ಒಂದೊಂದು ಸದ್ದಿಗೂ ಅವನು ಕತ್ತೆತ್ತುತ್ತಿದ್ದ. ಟೀ ಕೈಯಲ್ಲೇ ಆರುತ್ತಿತ್ತು.

ಒಳಗೆ ಹೆಡ್ ಕೋಚ್ ಜಯಪ್ರಿಯಾ ನಗುವ ಹೆಂಗಸಲ್ಲ. ನೇರದಿಂದ ಒದೆಸಿದರು, ಓರೆಯಿಂದ ಒದೆಸಿದರು, ಕೈಯಿಂದ ಬಿಟ್ಟು ನೆಲ ಮುಟ್ಟುವ ಮುನ್ನ ಒದೆಯಲು ಹೇಳಿದರು. ಕೊನೆಗೆ, ಇನ್ನು ನಿನ್ನ ಇಷ್ಟದ್ದು ಒದಿ ಎಂದರು.

ಮುನಿಲಕ್ಷ್ಮಿ ಚೆಂಡನ್ನು ಮೈದಾನದ ತೀರಾ ಅಂಚಿಗೆ, ಯಾರೂ ಇಡದ ಜಾಗಕ್ಕೆ ಒಯ್ದಳು. ಜೆರ್ಸಿ ಒಗೆದು ಕಾದಿದ್ದ ಹುಡುಗಿ ತೋರಿಸಬೇಕೆಂದಿದ್ದ ಕಿಕ್ ಅದು. ಒದ್ದಳು. ಚೆಂಡು ಹೊರಗೆ ಹೋಗುವಂತೆ ಕಂಡು, ಗಾಳಿಯಲ್ಲಿ ಬಾಗಿ, ಕಂಬದ ಒಳಮಗ್ಗುಲಿಂದ ನುಸುಳಿತು.

ಜಯಪ್ರಿಯಾ ಕಂಬದ ಕಡೆಯಿಂದ ಅವಳತ್ತ ತಿರುಗಿದರು. ಇಷ್ಟು ದಿನ ಎಲ್ಲಿದ್ದೆ ಎಂದು ತಮಿಳಿನಲ್ಲಿ ಕೇಳಿದರು. ಸೋಮವಾರ ಸರ್ಟಿಫಿಕೇಟ್ ತಂದು ಸೇರಿಕೊ ಎಂದರು.

*

ಅವಳು ಟೀ ಅಂಗಡಿಗೆ ಬಂದು ಅವನ ಎದುರಿನ ಬೆಂಚಿನ ಮೇಲೆ ಕುಳಿತಳು. ಮಂಡಿಯ ಮೇಲೆ ಮಣ್ಣು, ಮುಖದ ತುಂಬ ಬೆವರು.

"ಸೀಟ್ ಸಿಕ್ತು," ಎಂದಳು.

ಗೋವಿಂದರಾಜ್ ಕಣ್ಣು ಮುಚ್ಚಿ ತೆರೆದ. ಆಮೇಲೆ, ಈ ವಾರದಿಂದ ನಾನು ಗಂಡು ಹುಡುಗರ ತಂಡ ನೋಡಿಕೊಳ್ಳುತ್ತೇನೆ, ಕೇಳಿ ಬದಲಾಯಿಸಿಕೊಂಡೆ ಎಂದ.

"ಯಾಕೆ?"

"ನಿಮ್ಮ ಕೋಚ್ ಆಗ್ಬುಟ್ರೆ ಒಂದು ಮಾತು ಯೋಳಕ್ಕಾಗಲ್ಲ. ನೀವು ಬೇಡ ಅನ್ನಕ್ಕೂ ಕಷ್ಟ ಆಗ್ತದೆ."

"ಏನ್ ಮಾತು?"

ಅವನು ಗ್ಲಾಸನ್ನೇ ನೋಡುತ್ತಾ ಹೇಳಿದ. "ನಿಮ್ಮ ಜೊತೆ ಬಾಳ್ಬೇಕು ಅಂತ ಆಸೆ ಐತೆ."

ರಸ್ತೆಯಲ್ಲಿ ಓಮಲೂರಿನ ಬಸ್ಸೊಂದು ಹಾರನ್ ಮಾಡುತ್ತಾ ಹೋಯಿತು. ಅದು ದೂರವಾಗುವ ತನಕ ಅವಳು ಮಂಡಿಯ ಮಣ್ಣು ಉಜ್ಜುತ್ತಿದ್ದಳು.

"ನಂಗೆ ಆಡ್ಬೇಕು. ಓದ್ಬೇಕು. ಮದುವೆ ಅಂದ್ರೆ ಅದಾದ ಮ್ಯಾಲೇನೇ."

"ಕಾಯ್ತೀನಿ."

"ಅಪ್ಪನ್ನ ನೀವೇ ಬಂದು ಕೇಳ್ಬೇಕು."

"ಬತ್ತೀನಿ."

"ಎಲ್ಲದಕ್ಕೂ ಉತ್ತರ ಐತಾ ನಿಮ್ಮ ಹತ್ರ?"

"ಇಲ್ಲ..." ಅವನು ತಲೆ ಎತ್ತಿದ. "ನಿಮಗೆ ಇಷ್ಟ ಐತೋ ಇಲ್ವೋ, ಅದೊಂದು ಗೊತ್ತಿಲ್ಲ."

ಮುನಿಲಕ್ಷ್ಮಿ ಕೈ ಚಾಚಿ ಅವನ ಅರ್ಧ ಕುಡಿದಿದ್ದ ಟೀ ತೆಗೆದುಕೊಂಡಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಸಕ್ಕರೆ ಜಾಸ್ತಿ."

"ಬೇರೆ ಯೋಳ್ಲಾ?" ಅವನು ಗಡಿಬಿಡಿಯಿಂದ ಎದ್ದ.

"ಬ್ಯಾಡ, ಕುತ್ಕ." ಅವಳು ಮೊದಲ ಸಲ ಏಕವಚನದಲ್ಲಿ ಹೇಳಿದಳು. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಂಗೆ ಇದೇ ಇರ್ಲಿ."